ಬಿಳಿ ಹೋರಿಯ ಕರುಗಳು

ನನ್ನ ಗಂಡ ಮಲ್ಲಲ್ ಉತ್ತರದ ದಾಹ್ರಾ ಸಂತೆಯಿಂದ ಆ ಬಿಳಿ ಹೋರಿಯನ್ನು ಲಾರಿಯಲ್ಲಿ ತಂದು ಇಳಿಸಿದ ದಿನ ನಮ್ಮೂರು ಸಾರೆ ಗಾಯೊದಲ್ಲಿ ಯಾರ ಮನೆಯ ಅಡುಗೆಯೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಊರೆಂಬ ಊರೇ ನಮ್ಮ ಅಂಗಳದಲ್ಲಿತ್ತು. ಹೋರಿಯ ಡುಬ್ಬ ನನ್ನ ಅತ್ತೆಯ ತಲೆಗಿಂತ ಮೇಲಿತ್ತು. ನಮ್ಮ ಕಡೆಯ ದನಗಳಿಗೆ ಡುಬ್ಬ ಎಲ್ಲಿಯದು? ಗಿಡ್ಡ ಜಾತಿ, ಕೆಂಪು ಮೈ, ಗಂಡಸಿನ ಸೊಂಟದ ಎತ್ತರ; ಹಾಲು ಕರೆದರೆ ಸೋರೆಬುರುಡೆಯ ತಳ ಮುಚ್ಚಿದರೆ ಪುಣ್ಯ. ಅಂಥವುಗಳ ನಡುವೆ ಇದು ನಿಂತರೆ ಮಸೀದಿ ಎದ್ದು ನಿಂತ ಹಾಗಿತ್ತು. ಮಲ್ಲಲ್ ಹಗ್ಗ ಹಿಡಿದುಕೊಂಡು ಏನೂ ಆಗಿಲ್ಲವೆಂಬಂತೆ ಮುಖ ಮಾಡಿಕೊಂಡಿದ್ದ. ನಮ್ಮ ಫುಲಾ ಕುಲದ ಗಂಡಸರು ಸಂತೋಷವನ್ನು ತೋರಿಸಬಾರದಂತೆ. ಆದರೆ ಅವನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಗುಂಪು ಸೀಳಿಕೊಂಡು ದಾದೊ ಬಂದಳು.

"ಏನೋ ಮಲ್ಲಲ್, ಒಂಟೆಗೆ ಸುಣ್ಣ ಹೊಡ್ಕೊಂಡು ತಂದಿದೀಯ?"

"ನಿನ್ನ ಹಾಗೆ ಕಣ್ಣಿಲ್ಲದವರಿಗೆ ಹೋರಿಯೂ ಒಂಟೆಯೇ."

"ನಮ್ಮ ಹಸುಗಳು ಇದರ ಹೊಟ್ಟೆ ಕೆಳಗೆ ನೆರಳಿಗೆ ನಿಂತ್ಕೋತಾವೆ ಅಷ್ಟೇ ಕಣೋ. ಮುಂದಿನ ಕೆಲಸಕ್ಕೆ ಏಣಿ ನೀನೇ ಹಿಡೀಬೇಕು, ಗುಲಾಮ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ದಾದೊ ಮಲ್ಲಲನ ಸೋದರತ್ತೆಯ ಮಗಳು. ಅತ್ತೆಯ ಮಗಳು, ಮಾವನ ಮಗ ಎಂದರೆ ನಮ್ಮಲ್ಲಿ ಬೈದಾಡಿಕೊಳ್ಳಲೆಂದೇ ಹುಟ್ಟಿದವರು. ಗುಲಾಮ ಎನ್ನಬಹುದು, ಕಳ್ಳ ಎನ್ನಬಹುದು, ಸಾವಿನ ಮನೆಯಲ್ಲೂ ಹೆಣದ ಮೂಗನ್ನು ಆಡಿಕೊಳ್ಳಬಹುದು, ಸಿಟ್ಟಾದವನೇ ಕೆಟ್ಟವನು. ಗಂಡ ಸತ್ತ ಮೇಲೆ ಅವಳು ಒಬ್ಬಳೇ ಮಗಳು ಜಾಬುವನ್ನು ಕಟ್ಟಿಕೊಂಡು ನಮ್ಮ ಎದುರುಮನೆಯಲ್ಲೇ ಇದ್ದಳು. ಹೊಲ ಸ್ವಲ್ಪ, ಹಸು ಎರಡು, ನಾಲಿಗೆ ಮಾತ್ರ ಊರಿಗೆಲ್ಲ ಸಾಕಾಗುವಷ್ಟು.

ಆ ದಿನ ಮಲ್ಲಲ್ ಒಂದು ಮಾತನ್ನು ನುಂಗಿಕೊಂಡಿದ್ದ. ಅದೇನೆಂದು ನನಗೂ ಆಗ ಗೊತ್ತಿರಲಿಲ್ಲ.

ನಮ್ಮ ಹಿಂಡಿನ ಹಳೆಯ ಹೋರಿ ಕೆಂದನನ್ನು ಅವನು ಅದೇ ವಾರ ಕಟುಕರಿಗೆ ಕೊಟ್ಟ. ಅತ್ತೆ ಬೇಡವೆಂದು ಬಾಗಿಲಿಗೆ ಅಡ್ಡ ನಿಂತರು.

"ಅದರ ಅಪ್ಪನ ಅಪ್ಪನ್ನ ನಿನ್ನ ಅಪ್ಪನ ಅಪ್ಪ ಸಾಕಿದ್ದು ಕಣೋ. ಇರಲಿ ಬಿಡು, ಒಂದು ಮೂಲೇಲಿ ಮೇಯ್ಕೊಂಡಿರತ್ತೆ."

"ಅದಿದ್ರೆ ಹಸುಗಳು ಅದರ ಹಿಂದೆನೇ ಹೋಗ್ತಾವೆ ಅಮ್ಮಾ. ಮತ್ತೆ ಮೊಲದಂಥಾ ಕರು ಹಾಕ್ತಾವೆ. ಸಾಕಾಗಿಲ್ವಾ ನಿನಗೆ?"

ಸಾಕಾಗಿದ್ದು ನಮಗೂ ನಿಜವೇ. ಸಂತೆಯಲ್ಲಿ ಹಾಲು ಮಾರುವವಳು ನಾನು. ಬುರುಡೆ ಬೇಗ ಖಾಲಿಯಾಗುವ ದುಃಖ ನನಗಲ್ಲದೆ ಇನ್ಯಾರಿಗೆ ಗೊತ್ತು? ನಾನೂ ಗಂಡನ ಪರವಾಗಿಯೇ ಮಾತಾಡಿದೆ. ನೆರೆಯ ಮೂರು ಮನೆಯವರು ತಮ್ಮ ಹಸುಗಳನ್ನೂ ಬಿಳಿಯನ ಹತ್ತಿರ ಬಿಟ್ಟರು. ದಾದೊ ತನ್ನ ಎರಡನ್ನೂ ಹೊಡೆದುಕೊಂಡು ಬಂದು, "ಏಣಿ ರೆಡಿ ಇದೆಯೇನೋ?" ಎಂದು ಬೇಲಿಯಾಚೆಯಿಂದಲೇ ಕೂಗಿದಳು.

ಮುಂದಿನ ಬೇಸಿಗೆಯ ಆರಂಭದಲ್ಲಿ ಕರುಗಳು ಹುಟ್ಟಿದವು. ಏನು ಕಾಲು, ಏನು ಬೆನ್ನು! ಬೆನ್ನಿನ ಮೇಲೆ ಸಣ್ಣ ಉಬ್ಬು ಬೇರೆ, ಮುಂದೆ ಡುಬ್ಬವಾಗುವ ಸೂಚನೆ. ಮೊದಲ ಮಳೆ ಬಿದ್ದು ಹುಲ್ಲು ಚಿಗುರುವ ಹೊತ್ತಿಗೆ ಕೆಲವು ತಾಯಂದಿರಿಗೇ ಹೆಗಲು ಕೊಡುವಷ್ಟು ಬೆಳೆದಿದ್ದವು. ಅದೇ ತಿಂಗಳು ನನಗೂ ಮಗುವಾಯಿತು. ಅತ್ತೆ ಮಗುವಿಗೂ ಕರುಗಳಿಗೂ ಒಟ್ಟಿಗೇ ತಾಯಿತ ಮಾಡಿಸಿ ತಂದರು.

ದಾದೊಳಿಗೆ ಕರುಗಳನ್ನು ಬೈಯುವ ಚಾಳಿ. ಬೆಳಿಗ್ಗೆ ಒಲೆಗೆ ಕೆಂಡ ಕೇಳಿಕೊಂಡು ಬರುವಳು. ದಾವಣಿಯಲ್ಲಿ ಸಾಲಾಗಿ ಕಟ್ಟಿದ ಕರುಗಳ ಮುಂದೆ ನಿಂತು "ಇದೇನೇ ಇದು, ಹಸು ಹಾಕಿದ್ದೋ ಇಲಿ ಹಾಕಿದ್ದೋ" ಎಂದು ಶುರು ಮಾಡುವಳು. ಎಲ್ಲರೂ ಹಾಗೆಯೇ ಅನ್ನಬೇಕು. ಚೆನ್ನಾಗಿದೆ ಎಂದರೆ ಕಣ್ಣು ತಾಗುತ್ತದೆ, ನಾಲಿಗೆ ತಾಗುತ್ತದೆ. ಆದರೆ ಅವತ್ತು ಅವಳು ಕೆಂಡದ ಮಡಕೆಚೂರು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳು. ಮಳೆ ನಿಂತು ಬಿಸಿಲು ಬಂದಿತ್ತು, ಕರುಗಳ ಮೈ ಹೊಳೆಯುತ್ತಿತ್ತು.

"ಅಬ್ಬಾ! ಎಷ್ಟು ಚೆಂದ ಇದಾವೆ ಕಣೇ ಸಾಜೊ! ನಾನು ಹುಟ್ಟಿದಾಗಿಂದ ಇಂಥಾ ಕರು ನೋಡಿಲ್ಲ," ಎಂದಳು ನನ್ನತ್ತ ತಿರುಗಿ.

ಹಾಲು ಕರೆಯುತ್ತಿದ್ದ ಅತ್ತೆ ಬುರುಡೆ ಕೆಳಗಿಟ್ಟರು. "ಮಾಶಾಲ್ಲಾ ಅನ್ನೇ! ಮಾಶಾಲ್ಲಾ ಅನ್ನು ಮೊದಲು!"

"ಅಯ್ಯೋ, ಮಾಶಾಲ್ಲಾ, ಮಾಶಾಲ್ಲಾ! ಬಾಯಿಂದ ಬಿದ್ದೋಯ್ತು ಅತ್ತೆ. ಥೂ, ಏನು ದರಿದ್ರ ಕರುಗಳು, ಕತ್ತೆಗಳು!"

ಅವಳೇನೋ ನಕ್ಕಳು. ಅತ್ತೆ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೊಲಗಳಲ್ಲಿ ಬೆಳೆ ನಿಂತಿರುವ ತನಕ ದನಗಳನ್ನು ನದಿಯಂಚಿನ ಕಾಡಿಗೆ ಅಟ್ಟುವುದು ನಮ್ಮ ಪದ್ಧತಿ. ಅಲ್ಲಿ ನೆರಳಿದೆ, ಹುಲ್ಲಿದೆ, ಕಚ್ಚಿದರೆ ಸೂಜಿ ಚುಚ್ಚಿದಂತಾಗುವ ಕಂದು ನೊಣವೂ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕರುಗಳ ರೋಮ ನಿಮಿರಿತು. ಕಣ್ಣಲ್ಲಿ ನೀರು ಸೋರಿತು, ಕತ್ತಿನ ಗಡ್ಡೆ ಊದಿತು. ಹುಲ್ಲಿನ ನಡುವೆ ನಿಂತೇ ಅವು ಬಡಕಲಾದವು. ಮೊದಲು ಸತ್ತಿದ್ದು ದಾದೊಳದೇ ಒಂದು ಕರು. ಆಮೇಲೆ ನಮ್ಮವು, ಆಮೇಲೆ ನೆರೆಯವರವು. ಒಂದನ್ನು ಎಳೆದು ಹಾಕಿ ಬರುವಷ್ಟರಲ್ಲಿ ಇನ್ನೊಂದು ಮಲಗಿರುತ್ತಿತ್ತು. ದಾವಣಿಯಲ್ಲಿ ಕುಣಿಕೆಗಳು ಸುಮ್ಮನೆ ನೇತಾಡಿದವು, ಕೆಚ್ಚಲು ತುಂಬಿದ ಹಸುಗಳು ಅಲ್ಲಿ ಬಂದು ಬಂದು ಕೂಗಿದವು.

ತಾಯಂದಿರಿಗೆ ಏನೂ ಆಗಲಿಲ್ಲ. ಅದೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಅದೇ ಕಾಡು, ಅದೇ ನೀರು, ಅದೇ ನೊಣ. ಗಿಡ್ಡ ಹಸುಗಳು ಗುಂಡುಕಲ್ಲಿನ ಹಾಗಿದ್ದವು. ನಮ್ಮ ದನ ನೊಣಕ್ಕೆ ಸಾಯುವುದಿಲ್ಲ, ಅಜ್ಜನ ಕಾಲದಿಂದ ಸತ್ತಿಲ್ಲ. ಹಾಗಾಗಿ ನೊಣದ ಹೆಸರನ್ನು ಯಾರೂ ಎತ್ತಲೇ ಇಲ್ಲ. ಹೊಗಳಿಸಿಕೊಂಡವು ಮಾತ್ರ ಸಾಯುತ್ತಿವೆ, ಹೊಗಳಿಸಿಕೊಳ್ಳದವು ಬದುಕಿವೆ. ಇನ್ನೇನು ಬೇಕು?

"ಆ ನಾಲಿಗೆ," ಎಂದರು ಅತ್ತೆ. ಬಾವಿಕಟ್ಟೆಯಲ್ಲಿ ಒಂದು ಸಲ ಅಂದರೆ ಸಾಕಲ್ಲ, ಊರು ಉಳಿದಿದ್ದನ್ನು ತಾನೇ ನೋಡಿಕೊಂಡಿತು.

ಮೊದಮೊದಲು ದಾದೊ ಅದನ್ನೂ ತಮಾಷೆಗೆ ತಿರುಗಿಸಿದಳು. "ಹೌದು ಕಣ್ರೇ, ನಿನ್ನೆ ನನ್ನ ಹಳೇ ಚಪ್ಪಲೀನ ಚೆಂದ ಇದೆ ಅಂದೆ, ಇವತ್ತು ಕಿತ್ತೋಯ್ತು" ಎಂದಳು. ಒಬ್ಬರೂ ನಗಲಿಲ್ಲ. ಅವಳು ಬಂದರೆ ಹೆಂಗಸರು ಹಾಲಿನ ಬುರುಡೆಗೆ ಮುಚ್ಚಳ ಹಾಕುವರು, ಮಕ್ಕಳನ್ನು ಒಳಗೆ ಕರೆಯುವರು. ನಾನೂ ಮುಚ್ಚಳ ಹಾಕಿದವಳೇ. ಕೆಂಡ ಕೇಳಲು ಬಂದವಳಿಗೆ ಒಲೆ ಆರಿದೆ ಎಂದವಳೂ ನಾನೇ. ಹೊಗೆ ನನ್ನ ತಲೆಯ ಮೇಲೆಯೇ ಏಳುತ್ತಿತ್ತು.

ಇಷ್ಟೇ ಆಗಿದ್ದರೆ ಕಾಲ ಕಳೆದಂತೆ ಜನ ಮರೆಯುತ್ತಿದ್ದರೇನೋ. ಆದರೆ ಜಾಬುವಿನ ಮದುವೆ ಪಕ್ಕದೂರಿನ ಹುಡುಗನೊಂದಿಗೆ ಗೊತ್ತಾಗಿತ್ತು. ನಿಶ್ಚಯದ ಕೋಲಾ ಕಾಯಿ ಹಂಚಿ ಆಗಿತ್ತು, ಬಕ್ರೀದಿನ ನಂತರ ನಿಕಾಹ್ ಕಟ್ಟುವುದೆಂದು ಮಾತಾಗಿತ್ತು. ಜಾಬು ಅವನ ಫೋನು ಬಂದರೆ ಸಾಕು, ನೀರಿನ ಕೊಡ ಬಾವಿಕಟ್ಟೆಯಲ್ಲೇ ಬಿಟ್ಟು ಮಾವಿನ ಮರದ ಹಿಂದೆ ಓಡುತ್ತಿದ್ದಳು. ಗಂಡಿನ ಕಡೆಯವರು ದನ ಸಾಕುವವರು, ನಮಗಿಂತ ದೊಡ್ಡ ಹಿಂಡಿನವರು. ತಾಯಿಯ ನಾಲಿಗೆ ಮಗಳಿಗೆ ಬರದೆ ಇರುತ್ತದೆಯೇ ಎಂದು ಅಲ್ಲಿ ಮಾತು ಶುರುವಾಗಿದೆ ಎಂಬ ಸುದ್ದಿ ಬಂತು.

ಆ ದಿನಗಳಲ್ಲಿ ಮಲ್ಲಲ್ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಸಜ್ಜೆಯ ತರಿ ಬೇಯಿಸಿದ ಲಚ್ಚಿರಿಗೆ ಹುಳಿಹಾಲು ಸುರಿದು ಮುಂದಿಟ್ಟರೆ ಬೆರಳಾಡಿಸಿ ಏಳುವನು. ಕರುಗಳ ದುಃಖವೆಂದುಕೊಂಡೆ. ಒಂದು ಮಧ್ಯಾಹ್ನ ತಡೆಯಲಾರದೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬುತ್ತಿ ಹೊತ್ತು ನದಿಯಂಚಿಗೆ ಹೋದೆ. ದನಗಳು ನೀರಿನ ಬಳಿ ಮಲಗಿದ್ದವು. ಬಿಳಿಯನನ್ನು ಮಾತ್ರ ದೂರದ ಮರವೊಂದಕ್ಕೆ ಮೂತಿ ಬಿಗಿದು ಕಟ್ಟಿದ್ದ. ಮಲ್ಲಲ್ ಅದರ ಕತ್ತಿಗೆ ಸೂಜಿ ಚುಚ್ಚುತ್ತಿದ್ದ. ಕಾಲ ಬಳಿ ಹಳದಿ ಪುಡಿಯ ಹರಿದ ಪೊಟ್ಟಣ ಬಿದ್ದಿತ್ತು.

"ಏನದು?" ಎಂದೆ.

ಅವನು ಬೆಚ್ಚಿಬಿದ್ದು ತಿರುಗಿದ. ಸುಳ್ಳು ಹೇಳಲು ಬಾಯಿ ತೆರೆದವನು ಹೇಳಲಾರದೆ ಅಲ್ಲೇ ಕೂತುಬಿಟ್ಟ.

"ನೊಣದ ಕಾಯಿಲೆಗೆ."

"ನಮ್ಮ ದನಕ್ಕೆ ನೊಣದ ಕಾಯಿಲೆ ಎಲ್ಲಿಂದ ಬಂತು?"

"ಇದು ನಮ್ಮ ದನ ಅಲ್ಲವಲ್ಲೇ."

ಆಗ ಆ ನುಂಗಿದ ಮಾತು ಹೊರಗೆ ಬಂತು. ದಾಹ್ರಾದಲ್ಲಿ ಹೋರಿ ಮಾರಿದ ಫೆರ್ಲೊ ಒಣಸೀಮೆಯ ಮುದುಕ ಹಗ್ಗ ಕೈಗೆ ಕೊಡುವ ಮುಂಚೆ ಎಲ್ಲವನ್ನೂ ಹೇಳಿದ್ದನಂತೆ. "ಎಲ್ಲಿಗೆ ತಗೊಂಡು ಹೋಗ್ತೀಯಪ್ಪಾ? ನದಿ ಕಾಡಿನ ಕಡೆಗಾ? ಹಾಗಾದ್ರೆ ಬೇಡ. ನಿಮ್ಮ ನೊಣಕ್ಕೂ ನಿಮ್ಮ ಗಿಡ್ಡ ದನಕ್ಕೂ ಎಷ್ಟು ತಲೆಮಾರಿನ ಜಗಳಾನೋ ಏನೋ. ಜಗಳಾಡಿ ಜಗಳಾಡಿ ಒಂದು ರಾಜಿಗೆ ಬಂದಿದಾವೆ. ಅದು ಕಚ್ಚತ್ತೆ, ಇದು ತಡ್ಕೊಳತ್ತೆ. ನಮ್ಮ ಕಡೆ ಆ ನೊಣಾನೇ ಇಲ್ಲ. ನಮ್ಮ ದನ ರಾಜಿ ಮಾಡ್ಕೊಂಡಿರೋದು ಬಿಸಿಲು, ಬಾಯಾರಿಕೆ ಜತೆ. ನಿಮ್ಮ ಗಿಡ್ಡ ದನ ಇಲ್ಲಿಗೆ ಬಂದ್ರೆ ನಮ್ಮ ಬಾವಿ ದಾರೀಲೇ ಸಾಯತ್ತೆ. ನಮ್ಮದು ಅಲ್ಲಿಗೆ ಬಂದ್ರೆ ನಿಮ್ಮ ನೆರಳಲ್ಲೇ ಸಾಯತ್ತೆ. ಒಂದೊಂದು ಸೀಮೆಗೂ ಒಂದೊಂದು ರಾಜಿ ಕಣಪ್ಪಾ." ಹೀಗೆ ಹೇಳಿಯೂ ಅವನು ಹೋರಿ ಮಾರಿದ, ಹೀಗೆ ಕೇಳಿಯೂ ಇವನು ಹೋರಿ ಕೊಂಡ.

ನನಗೆ ಮೈಯೆಲ್ಲ ಉರಿಯಿತು. ಬುತ್ತಿಯ ಪಾತ್ರೆಯನ್ನು ಅವನ ತಲೆಗೆ ಎಸೆಯಬೇಕೆನಿಸಿತು.

"ಎಲ್ಲಾ ಗೊತ್ತಿದ್ದೂ ಕರುಗಳಿಗೆ ಯಾಕೆ ಹಾಕಲಿಲ್ಲ?"

"ಅರ್ಧ ನಮ್ಮ ರಕ್ತ ಇದೆಯಲ್ಲ, ಅಷ್ಟು ಸಾಕಾಗತ್ತೆ ಅಂದ್ಕೊಂಡೆ ಸಾಜೊ. ಸಾಕಾಗಲ್ಲ ಅಂತ ಗೊತ್ತಾಗೋ ಹೊತ್ತಿಗೆ ಊರವರ ಕರುಗಳೂ ಮಲಗಿದ್ವು. ಅವಕ್ಕೂ ಚುಚ್ಚೋಕೆ ಹೋದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಹೇಳಬೇಕಲ್ಲ."

"ಹೋರಿಗೆ ಮಾತ್ರ ನೀನು ಕದ್ದು ಕದ್ದು ಹಾಕ್ತಾ ಬಂದೆ."

"ಅದೂ ಸತ್ತಿದ್ರೆ..."

ಅದೂ ಸತ್ತಿದ್ದರೆ ಊರು ನಗುತ್ತಿತ್ತು, ಅಷ್ಟೇ ತಾನೆ? ಆ ನಗು ತಪ್ಪಿಸಿಕೊಳ್ಳಲು ಅವನು ದಾದೊಳನ್ನು ಎದುರಿಗಿಟ್ಟುಕೊಂಡು ಸುಮ್ಮನಿದ್ದ. ಹಾಗೆಂದು ಅವನ ಮುಖಕ್ಕೇ ಹೇಳಿದೆ. ಅವನು ಅತ್ತ. ನಮ್ಮ ಗಂಡಸರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಮರುಕ ಬರಲಿಲ್ಲ.

"ದಾದೊ ಮುಖ ನೋಡಿದ್ರೆ ಅನ್ನ ಗಂಟಲಲ್ಲಿ ಇಳಿಯಲ್ಲ ಕಣೇ. ನನ್ನನ್ನ ಕಳ್ಳ ಅಂತಾಳಲ್ಲ, ಅವಳು ತಮಾಷೆಗೆ ಅಂದಾಗಲೆಲ್ಲ ಹೆಗಲು ಮುಟ್ಟಿ ನೋಡ್ಕೋತೀನಿ."

"ಹಾಗಾದ್ರೆ ಹೋಗಿ ಹೇಳು. ಇವತ್ತೇ ಹೇಳು."

ಹೇಳುತ್ತೇನೆಂದ. ಶೇಂಗಾ ಕೀಳುವುದು ಮುಗಿಯಲಿ ಎಂದ. ಆಮೇಲೆ ಯಾರದೋ ಸಾವು ಬಂತು, ಮೂರನೆಯ ದಿನ ಕಳೆಯಲಿ ಎಂದ. ಕೊನೆಗೆ ಗಂಡಿನ ಮನೆಯಿಂದ ಒಬ್ಬ ಮುದುಕ ಬಂದು, ದಾದೊ ಕೊಟ್ಟ ನೀರನ್ನು ಮುಟ್ಟದೆ, ನಿಂತೇ "ಈ ವರ್ಷ ಬೇಡ" ಎಂದು ಹೇಳಿ ಹೋದ. ಈ ವರ್ಷ ಬೇಡ ಎಂದರೆ ಯಾವ ವರ್ಷವೂ ಬೇಡ ಎಂದೇ ಅರ್ಥ. ಜಾಬು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದಾದೊ ಅಂಗಳದಲ್ಲಿ ಒನಕೆ ಹಿಡಿದು ಒರಳಿನಲ್ಲಿ ಏನೂ ಇಲ್ಲದಿದ್ದರೂ ಕುಟ್ಟುತ್ತಾ ನಿಂತಿದ್ದಳು. ಆ ಸದ್ದು ನಮ್ಮ ಮನೆಯೊಳಗೆ ಕೇಳುತ್ತಿತ್ತು. ಮಲ್ಲಲ್ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ.

ಆ ಶುಕ್ರವಾರ ನಮಾಜು ಮುಗಿದ ಮೇಲೆ ಅವನು ಮಸೀದಿಯ ಮುಂದೆ ಎದ್ದು ನಿಂತು ಎಲ್ಲವನ್ನೂ ಹೇಳಿದ. ಫೆರ್ಲೊ ಮುದುಕನ ಮಾತು, ಕೆಂದನನ್ನು ಮಾರಿದ್ದು, ಹಳದಿ ಪುಡಿ, ಯಾವುದನ್ನೂ ಬಿಡಲಿಲ್ಲ. ಬೇಲಿಯ ಈಚೆ ಹೆಂಗಸರ ನಡುವೆ ನಾನೂ ದಾದೊಳೂ ನಿಂತು ಕೇಳುತ್ತಿದ್ದೆವು.

ಆಮೇಲೆ ಇಮಾಮರು ಎದ್ದು ಬಂದು ಮಲ್ಲಲನ ಭುಜದ ಮೇಲೆ ಕೈಯಿಟ್ಟರು.

"ನಿನ್ನ ಅಪ್ಪನೂ ಹೀಗೇ ಇದ್ದ ಮಗನೇ. ಅತ್ತೆ ಮಗಳ ಮಾನ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳೋದು ಅಂದ್ರೆ ಸಣ್ಣ ಮಾತಲ್ಲ."

"ಎಳ್ಕೊಂಡಿಲ್ಲ ಇಮಾಮರೇ, ತಪ್ಪು ನನ್ನದೇ!"

"ಆಯ್ತು, ಆಯ್ತು," ಎಂದರು ಹಿರಿಯರು, ಅತ್ತ ಮಗುವನ್ನು ಸಮಾಧಾನ ಮಾಡುವಂತೆ. ಒಬ್ಬ ಕೇಳಿದ, "ರಕ್ತಕ್ಕೇ ನೊಣ ಆಗಲ್ಲ ಅಂದ್ರೆ ಹೋರಿ ಹೇಗಯ್ಯಾ ನಗಾರಿ ಹಾಗೆ ಇದೆ?"

"ಸೂಜಿಯಿಂದ ಇದೆ!"

"ಹೋರಿ ಸಾಕೋನು ಔಷಧಿ ಹಾಕದೆ ಇರ್ತಾನಾ? ಅದರಲ್ಲೇನಿದೆ?"

ಕುಂಬಳಕಾಯಿ ಕಳ್ಳ ಕಾಯಿಯನ್ನು ತಲೆಯ ಮೇಲೆ ಹೊತ್ತು ತಂದು ಒಪ್ಪಿಸಿದರೂ ಜನ ಅವನಿಗೆ ಹಾರ ಹಾಕಿ ಕಳಿಸುವುದನ್ನು ಅವತ್ತು ನೋಡಿದೆ. ನನ್ನ ಅತ್ತೆಗೆ ಮಾತ್ರ ಏನೋ ಹೊಳೆದಂತಿತ್ತು. ನೊಣವಿಲ್ಲದ ಒಣ ದಿಣ್ಣೆಯ ಮೇಲಿನ ತವರಿನಿಂದ ಮದುವೆಯಲ್ಲಿ ತಂದ ಹಸು, ಅದೂ ಗಿಡ್ಡ ಜಾತಿಯದೇ, ಇಲ್ಲಿನ ನದಿಯ ಬಳಿ ಮೊದಲ ವರ್ಷ ನರಳಿತ್ತು ಎಂದು ನೆನಪಿಸಿಕೊಂಡರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರೇ, "ನರಳಿತ್ತು ಅಷ್ಟೇ, ಸಾಯಲಿಲ್ಲವಲ್ಲ" ಎಂದು ಬಾಯಿ ಮುಚ್ಚಿಕೊಂಡರು.

ಮಲ್ಲಲ್ ಜೇಬಿನಿಂದ ಪೊಟ್ಟಣಗಳನ್ನೂ ಸೂಜಿಯನ್ನೂ ತೆಗೆದು ಎಲ್ಲರೆದುರು ಬಾವಿಯ ಹಿಂದಿನ ಹಾಳು ಗುಂಡಿಗೆ ಎಸೆದ.

"ಇವತ್ತಿನಿಂದ ಅದಕ್ಕೆ ಸೂಜಿ ಇಲ್ಲ. ನದಿ ಕಾಡಲ್ಲೇ ಮೇಯತ್ತೆ. ದಿನಾ ಸಂಜೆ ಊರೊಳಗೇ ಹೊಡ್ಕೊಂಡು ಬರ್ತೀನಿ, ಎಲ್ಲರೂ ನೋಡಿ. ಅದು ಕರುಗಳ ಹಾಗೇ ಸಾಯತ್ತೆ. ಸತ್ತ ಮೇಲಾದ್ರೂ ದಾದೊಳನ್ನ ಬಿಡ್ತೀರಾ?"

ಇಮಾಮರು ಯೋಚಿಸಿ, ನೋಡೋಣ ಎಂದರು. ಪಕ್ಕದೂರಿಗೂ ಅವರೇ ಹೇಳಿ ಕಳಿಸಿದರು. ಅಲ್ಲಿಂದಲೂ, ನೋಡೋಣ ಎಂದು ಉತ್ತರ ಬಂತು. ಜಾಬುವಿನ ಬಾಗಿಲು ತೆರೆಯಿತು.

ಆ ಸಂಜೆ ದಾದೊ ಒನಕೆ ಎತ್ತಿಕೊಂಡು ನಮ್ಮ ಅಂಗಳಕ್ಕೆ ನುಗ್ಗಿದಳು. ಮಲ್ಲಲ್ ಎದ್ದು ನಿಂತು ತಲೆ ತಗ್ಗಿಸಿದ. ಹೊಡೆಯಲಿ ಎಂದು ನಾನೂ ಅಡ್ಡ ಹೋಗಲಿಲ್ಲ.

"ಕಳ್ಳ! ಗುಲಾಮ! ನೊಣಕ್ಕಿಂತ ಕಡೆ ನೀನು!" ಎಂದು ಕೂಗಿದವಳು ಒನಕೆ ಬಿಸಾಕಿ, ಹಾಗೇ ಕೂತು, ನಕ್ಕು ನಕ್ಕು ಅಳತೊಡಗಿದಳು. "ನನಗೇ ಅನುಮಾನ ಬಂದಿತ್ತು ಕಣೋ. ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡ್ಕೊಂಡೆ, ಹಾವಿನ ಹಾಗೇನಾದ್ರೂ ಸೀಳಿದೆಯಾ ಅಂತ. ಸ್ವಂತ ಮಗಳ ಮುಖ ನೋಡೋಕೂ ಹೆದರ್ತಿದ್ದೆ." ಆಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು, "ನಿಜ ತಾನೆ? ಇಮಾಮರು ಅಂದ ಹಾಗೆ, ನನ್ನ ಉಳಿಸೋಕೆ ಹೇಳ್ತಿಲ್ಲ ತಾನೆ?"

"ನನ್ನ ಮಗು ಆಣೆಗೂ ನಿಜ ದಾದೊ."

"ಹಾಗಾದ್ರೆ ನಿನ್ನ ಒಂಟೆ ಬೇಗ ಸಾಯಲಿ," ಎಂದು ಅವಳು ಎದ್ದಳು. ತಿಂಗಳುಗಳ ನಂತರ ಅವಳ ಬಾಯಲ್ಲಿ ಮೊದಲಿನ ಹಾಗೆ ಮಾತು ಕೇಳಿತ್ತು. ನಾನು ಕೆಂಡ ಕೊಟ್ಟು ಕಳಿಸಿದೆ.

ಬಿಳಿಯ ಬೇಗ ಸಾಯಲಿಲ್ಲ. ಅಂಥ ಮೈ ಕರಗಲು ಕಾಲ ಬೇಕು. ಮೊದಲು ರೋಮ ನಿಮಿರಿತು, ಆಮೇಲೆ ಕಣ್ಣು ಸೋರಿತು, ಡುಬ್ಬ ಒಂದು ಕಡೆಗೆ ವಾಲಿ ಖಾಲಿ ಚೀಲದಂತಾಯಿತು. ದಿನವೂ ಸಂಜೆ ಮಲ್ಲಲ್ ಅದನ್ನು ಮನೆಮನೆಯ ಮುಂದೆ ನಡೆಸಿಕೊಂಡು ಬರುವನು. ತಾನೇ ಆರಿಸಿ, ತಾನೇ ತಂದು, ಸೂಜಿ ಕೊಟ್ಟರೆ ಬದುಕುವುದನ್ನು ಕೈಯಾರೆ ಕೊಲ್ಲುತ್ತಿದ್ದ. ಅದು ಅವನ ಅಂಗೈ ನೆಕ್ಕುವುದು. ಅವನು ಕೈ ಹಿಂದಕ್ಕೆಳೆದುಕೊಳ್ಳುವನು. ಮನೆಗೆ ಬಂದು ಕೈ ತೊಳೆದದ್ದೇ ತೊಳೆದದ್ದು.

ಆದರೆ ಊರು ನೋಡಿತು. ಕರುಗಳಿಗೆ ಬಂದದ್ದೇ ಇದಕ್ಕೂ ಬಂದಿದೆ ಎಂದು ಮುದುಕರು ಒಪ್ಪಿಕೊಳ್ಳತೊಡಗಿದರು. ಬಾವಿಕಟ್ಟೆಯಲ್ಲಿ ಹೆಂಗಸರು ದಾದೊಳಿಗೆ ಹಗ್ಗ ಬಿಟ್ಟುಕೊಟ್ಟರು. ಗಂಡಿನ ಮನೆಯ ಮುದುಕ ಇನ್ನೊಮ್ಮೆ ಬಂದವನು ಈ ಸಲ ನೀರು ಕುಡಿದು ಹೋದ. ದಾದೊ ಮಾತ್ರ ಬಿಳಿಯನ ಹತ್ತಿರ ಸುಳಿಯಲಿಲ್ಲ. ಸಂಜೆ ಅದರ ಹೆಜ್ಜೆಯ ಸದ್ದು ಕೇಳಿದರೆ ಒಳಗೆ ಹೋಗುವಳು. ಜಾಣೆ, ಎಂದುಕೊಂಡೆ.

ಒಂದು ಮಧ್ಯಾಹ್ನ ಗಂಡಸರೆಲ್ಲ ಸಂತೆಗೆ ಹೋಗಿದ್ದರು, ನಾನೂ ಹಾಲಿನೊಂದಿಗೆ ಹೋಗಿದ್ದೆ. ಕಾಡಿಗೆ ನಡೆಯಲಾರದೆ ಊರಲ್ಲೇ ಉಳಿದಿದ್ದ ಬಿಳಿಯ ಬಾವಿಯ ಬಳಿ ಕುಸಿದು ಬಿತ್ತಂತೆ. ನೀರಿನ ವಾಸನೆಗೆ ಕತ್ತು ಚಾಚಿ ನಾಲಿಗೆ ಹೊರಹಾಕಿತಂತೆ. ಬಿಸಿಲಲ್ಲಿ ಅದು ನರಳುವುದನ್ನು ಎದುರುಮನೆಯಲ್ಲಿ ಕೂತು ಎಷ್ಟು ಹೊತ್ತು ಕೇಳಿಸಿಕೊಂಡಾಳು? ದಾದೊ ನೀರು ಸೇದಿದಳು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೊಗಸೆಯಲ್ಲಿ ಬಾಯಿಗೆ ಹನಿಸಿದಳು. ಸೆರಗಿನಿಂದ ನೊಣ ಓಡಿಸಿದಳು. ಅವಳ ತೊಡೆಯ ಮೇಲೆಯೇ ಅದರ ಪ್ರಾಣ ಹೋಯಿತು.

ನಾವು ಸಂತೆಯಿಂದ ಬಂದಾಗ ಊರು ಸುತ್ತ ನಿಂತಿತ್ತು. ಅವಳು ಇನ್ನೂ ಹಾಗೇ ಕೂತಿದ್ದಳು, ಅಷ್ಟು ದೊಡ್ಡ ತಲೆಯನ್ನು ಪಕ್ಕಕ್ಕಿಡಲು ಆಗದೆ. ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಕೆಟ್ಟದ್ದು. ಸಂಜೆಯ ಹೊತ್ತಿಗೆ ಮಾತು ತಾನಾಗಿ ಹುಟ್ಟಿತ್ತು: ಎರಡು ತಿಂಗಳು ಎಳೆದ ಜೀವ, ಅವಳು ಮುಟ್ಟಿದ ಗಳಿಗೆಗೆ ಹೋಯಿತು. ನೊಣ ಮಲಗಿಸಿತ್ತೇನೋ, ಮುಗಿಸಿದ್ದು ಯಾರು? ಮಲ್ಲಲ್ ಮನೆಮನೆಗೆ ಹೋಗಿ ಕೂಗಾಡಿದ. ಅವರು ಅವನಿಗೆ ಚಹಾ ಕೊಟ್ಟು, ನಿನ್ನಂಥ ನೆಂಟ ಎಲ್ಲರಿಗೂ ಸಿಗಲಿ ಎಂದು ಹರಸಿ ಕಳಿಸಿದರು. ಗಂಡಿನ ಮನೆಯವರು ಬೇರೆ ಹುಡುಗಿಯನ್ನು ನೋಡಿದ್ದಾರೆಂದು ಒಂದು ವಾರದಲ್ಲಿ ತಿಳಿಯಿತು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ದಾದೊ ನಮ್ಮ ಅಂಗಳಕ್ಕೆ ಬಂದಳು. ಕೈಯಲ್ಲಿ ಕೆಂಡದ ಮಡಕೆಚೂರು ಇರಲಿಲ್ಲ. ನಾನು ಚಾಪೆಯ ಮೇಲೆ ಕೂತು ಮಗುವಿಗೆ ಹಾಲೂಡಿಸುತ್ತಿದ್ದೆ. ಮಲ್ಲಲ್ ಹಗ್ಗ ಹೊಸೆಯುತ್ತಿದ್ದ. ಅವಳು ಬೈಯಲಿಲ್ಲ, ನಗಲಿಲ್ಲ, ನಾಲ್ಕು ಮಾರು ದೂರದಲ್ಲೇ ನಿಂತಳು.

"ಮಲ್ಲಲ್, ಒಂದು ಕೇಳ್ತೀನಿ. ಅವತ್ತು ನಾನು ಬಾಯಿ ಬಿಡಲಿಲ್ಲ. ಅಲ್ಲಾಹನಾಣೆ, ಒಂದು ಮಾತೂ ಆಡಲಿಲ್ಲ. ಆದ್ರೆ ಅದರ ಕಣ್ಣು ನೋಡ್ದಾಗ ಮನಸ್ಸಲ್ಲಿ ಅಂದ್ಕೊಂಡುಬಿಟ್ಟೆ, ಪಾಪ, ಈಗಲೂ ಎಷ್ಟು ಚೆಂದ ಇದೆ ಅಂತ. ಅಂದ್ಕೊಂಡೆ, ಹೋಗೇಬಿಡ್ತು. ಮನಸ್ಸಲ್ಲಿ ಅಂದ್ರೂ ತಾಗತ್ತೇನೋ?"

"ದಾದೊ, ಅದು ನೊಣ. ಬರೀ ನೊಣ. ನಾನೇ ತಂದೆ, ನಾನೇ ಮುಚ್ಚಿಟ್ಟೆ, ನಾನೇ ಕೊಂದೆ. ಇನ್ನು ಹೇಗೆ ಹೇಳಲಿ ನಿನಗೆ?"

"ಮೊದಲೇ ಹೇಳಿದ್ರೆ ನಂಬೋದು ಸುಲಭ ಇತ್ತು ಕಣೋ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಲ್ಲಲ್ ಬದುಕಿಕೊಳ್ಳುತ್ತಿದ್ದ. ಅವನ ಕೈಯಲ್ಲಿ ಹಗ್ಗ ಹಾಗೇ ನಿಂತಿತು.

ನನಗೆ ತಡೆಯಲಾಗಲಿಲ್ಲ. "ದಾದೊ, ನನ್ನ ಮಾತಾದ್ರೂ ನಂಬು. ಸೂಜಿ ನಾನು ಕಣ್ಣಾರೆ ನೋಡಿದೀನಿ. ಪುಡಿ ನೋಡಿದೀನಿ. ನಿನ್ನಲ್ಲಿ ಏನೂ ಇಲ್ಲ. ನಿನ್ನ ನಾಲಿಗೇಲೂ ಇಲ್ಲ, ಮನಸ್ಸಲ್ಲೂ ಇಲ್ಲ. ನನಗೆ ಗೊತ್ತು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಅವಳ ನೋಟ ನನ್ನ ಮಡಿಲಿಗೆ ಇಳಿಯಿತು.

"ಗೊತ್ತಿದ್ರೆ," ಎಂದಳು, "ಮಗು ಮುಖ ಯಾಕೆ ಮುಚ್ಚಿದೀಯ ಸಾಜೊ?"

ನಾನು ಕೆಳಗೆ ನೋಡಿದೆ. ಅವಳು ಅಂಗಳಕ್ಕೆ ಕಾಲಿಟ್ಟಾಗಲೇ ಇರಬೇಕು, ನನ್ನ ಕೈ ಸೆರಗನ್ನು ಮಗುವಿನ ಮುಖದ ಮೇಲೆ ಎಳೆದು ಬಿಗಿಯಾಗಿ ಹಿಡಿದುಕೊಂಡಿತ್ತು.